ಹೊಡೆಸಿಕೊಳ್ಳದೆ ಸಿಕ್ಕ ಬ್ಲ್ಯಾಕ್ ಬೆಲ್ಟ್

ನಾದಿನಿಯ ಮಗಳ ಮದುವೆಗೆ ಹೊಸನಗರದ ಕಲ್ಯಾಣ ಮಂಟಪ ಸಾಕಾಗುತ್ತದೋ ಇಲ್ಲವೋ ನೋಡಿ ಬರಬೇಕಿತ್ತು. ನಾನೂ ನಮ್ಮ ಯಜಮಾನರೂ ಸಂಜೆ ಹೋದೆವು. ಮೇಲಿನ ಹಾಲ್ ನೋಡಿಯಾಯಿತು, ವಧುವಿನ ಕೋಣೆಯ ಬಾತ್‌ರೂಮಿನ ನಲ್ಲಿ ತಿರುಗಿಸಿಯೂ ಆಯಿತು. ಕೆಳಗಿನ ಊಟದ ಹಾಲಿಗೆ ಮೆಟ್ಟಿಲು ಇಳಿಯುವಾಗ ಆ ಕೂಗು ಕೇಳಿಸಿತು. ಹೊಟ್ಟೆಯ ತಳದಿಂದ ಎದ್ದು ಗಂಟಲಿಗೆ ತಾಗದೆ ಹೊರಗೆ ಬೀಳುವ ಕೂಗು. ಒಂದು ಹಾಲ್ ತುಂಬ ಮಕ್ಕಳು ಒಟ್ಟಿಗೆ ಕೂಗಿದ್ದರು. ನಾನು ರೇಲಿಂಗ್ ಹಿಡಿದು ನಿಂತೆ.

“ಎಂತ ಆಯ್ತು? ಮಂಡಿ ಹಿಡ್ಕಂಡ್ತಾ?” ಎಂದರು ಇವರು.

ಮಂಡಿ ಸರಿಯಾಗಿಯೇ ಇತ್ತು. ಎಡಗಾಲು ತಾನಾಗಿ ಮುಂದೆ ಹೋಗಿ ಮಡಿಸಿಕೊಂಡಿತ್ತು, ಬಲಗಾಲು ಹಿಂದೆ ನೆಟ್ಟಗಾಗಿ ಹಿಮ್ಮಡಿ ಮೆಟ್ಟಿಲಿನ ಅಂಚಿಗೆ ಒತ್ತಿತ್ತು. ಸುಮಾರು ನಲವತ್ತು ವರ್ಷ ಅಡುಗೆಮನೆಗೂ ಜಗಲಿಗೂ ಓಡಾಡಿ ಆ ಕಾಲು ಎಲ್ಲ ಮರೆತಿದೆ ಎಂದುಕೊಂಡಿದ್ದೆ.

ಮಧ್ಯಾಹ್ನ ಅಲ್ಲಿ ಯಾರದೋ ಮದುವೆಯ ಊಟ ಆಗಿತ್ತು. ಟೇಬಲ್‌ಗಳನ್ನು ಮಡಚಿ ಗೋಡೆಗೆ ಒರಗಿಸಿದ್ದರು. ಸಾಂಬಾರಿನ ವಾಸನೆಯ ಮೇಲೆ ಫಿನಾಯಿಲ್ ವಾಸನೆ. ಪಾಯಸ ಚೆಲ್ಲಿದ್ದ ಕಡೆ ಮಕ್ಕಳ ಬರಿಗಾಲು ನೆಲಕ್ಕೆ ಅಂಟಿ ಚಟ್ ಚಟ್ ಎಂದು ಕಿತ್ತು ಬರುತ್ತಿದ್ದವು. ಬಿಳಿ ಡ್ರೆಸ್ಸಿನ ಸಾಲುಗಳ ಮುಂದೆ ನಿಂತಿದ್ದ ಕರಾಟೆ ಮಾಸ್ತರು ನಮ್ಮನ್ನು ನೋಡಿ ಓಡಿ ಬಂದರು. ಮೂವತ್ತು ದಾಟಿರಬಹುದು. ಹಗಲು ಮೊಬೈಲ್ ಅಂಗಡಿ ನಡೆಸುವವರು ಎಂದು ಆಮೇಲೆ ಗೊತ್ತಾಯಿತು.

“ಹಾಲ್ ನೋಡಕ್ಕೆ ಬಂದ್ರಾ ಮೇಡಮ್? ಹತ್ತು ನಿಮಿಷ, ಜಾಗ ಖಾಲಿ ಮಾಡ್ತೀವಿ.”

“ಖಾಲಿ ಮಾಡೋದೇನೂ ಬೇಡ. ನನ್ನನ್ನೂ ಸೇರಿಸ್ಕೋತೀರಾ?”

ಅವರು ತಿರುಗಿ ಇವರ ಮುಖ ನೋಡಿದರು. ಪ್ರಶ್ನೆ ನನ್ನದು, ಉತ್ತರಕ್ಕೆ ಬೇಕಾದ ಪರ್ಮಿಶನ್ ಮಾತ್ರ ಇವರದು. ಇವರು ನಕ್ಕು, “ನಿಮ್ಮ ಕ್ಲಾಸಿಗೆ ಇನ್ಶೂರೆನ್ಸ್ ಇದ್ಯಾ ಮಾರಾಯ್ರೆ?” ಎಂದರು. ಮಾಸ್ತರೂ ನಕ್ಕರು. ನಾನು ನಗಲಿಲ್ಲ. ಸೋಮವಾರದಿಂದ ಬರುತ್ತೇನೆ ಎಂದೆ.

ನಾನು ಓದಿದ್ದು ಸಾಗರದ ಕಾನ್ವೆಂಟಿನಲ್ಲಿ. ಡಿಗ್ರಿ ಮುಗಿದ ಮೇಲೆ ಅಲ್ಲೇ ಇಂಗ್ಲಿಷ್ ಟೀಚರ್ ಆದೆ. ನಮ್ಮ ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಕೇರಳದವರು. ನಡೆದು ಬಂದರೆ ಚಪ್ಪಲಿಯ ಸದ್ದೂ ಕೇಳುತ್ತಿರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಹುಡುಗಿಯರ ಜಡೆ ಎಳೆಯುವ ಪೋಲಿಗಳ ಕಾಟ ಹೆಚ್ಚಾದ ವರ್ಷ ಅವರು ಪೊಲೀಸರಿಗೆ ದೂರು ಕೊಡಲಿಲ್ಲ, ಪೇರೆಂಟ್ಸ್ ಮೀಟಿಂಗ್ ಕರೆಯಲಿಲ್ಲ. ಶಿವಮೊಗ್ಗದಿಂದ ಒಬ್ಬ ಕರಾಟೆ ಮಾಸ್ತರನ್ನು ಕರೆಸಿ, ಶನಿವಾರ ಮಧ್ಯಾಹ್ನ ಅಸೆಂಬ್ಲಿ ಹಾಲಿನ ಬಾಗಿಲು ಹಾಕಿಸಿ, ದೊಡ್ಡ ಹುಡುಗಿಯರನ್ನೂ ಟೀಚರ್‌ಗಳನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದರು. ಹುಡುಗಿಯರು ಕೈ ಎತ್ತಿ ಹೊಡೆಯುವುದು ಡೀಸೆಂಟ್ ಅಲ್ಲ ಎಂದು ಯಾರೋ ಗೊಣಗಿದ್ದಕ್ಕೆ ಸಿಸ್ಟರ್, “ಸಾರಿ ಹೇಳಿ ಹೊಡೀರಿ, ದಟ್ ಈಸ್ ಡೀಸೆಂಟ್ ಎನಫ್” ಎಂದಿದ್ದರು.

ನಮ್ಮದು ಜೈನರ ಮನೆ. ಇರುವೆ ಸಾಲು ದಾಟುವಾಗಲೂ ಸೀರೆ ಎತ್ತಿ ಹಿಡಿಯುವವಳು ನಮ್ಮಮ್ಮ. “ಕೈ ಎತ್ತೋದು ಒಂದು ಪಾಪ, ಅದನ್ನ ದುಡಿದ ದುಡ್ಡು ಕೊಟ್ಟು ಕಲಿಯೋದು ಇನ್ನೊಂದು ಪಾಪ” ಎನ್ನುತ್ತಿದ್ದಳು. ನಾನು ಶನಿವಾರ ತಪ್ಪಿಸಲಿಲ್ಲ. ಬಿಳಿ, ಹಳದಿ, ಹಸಿರು, ಹೀಗೆ ಬೆಲ್ಟ್‌ಗಳು ಬದಲಾಗುತ್ತಾ ಬ್ರೌನ್ ಬೆಲ್ಟಿಗೆ ಬಂದೆ. ಜೊತೆಗಿದ್ದವರು ಮದುವೆ, ಟ್ರಾನ್ಸ್‌ಫರ್, ಹೆರಿಗೆ ಎಂದು ಒಬ್ಬೊಬ್ಬರಾಗಿ ಉದುರಿ ಹೋಗಿ, ಕೊನೆಗೆ ಟೀಚರ್‌ಗಳಲ್ಲಿ ನಾನೊಬ್ಬಳೇ ಉಳಿದೆ. ಬ್ಲ್ಯಾಕ್ ಬೆಲ್ಟಿನ ಪರೀಕ್ಷೆ ಶಿವಮೊಗ್ಗದಲ್ಲಿ ಒಂದು ಭಾನುವಾರ ಎಂದು ಗೊತ್ತಾಯಿತು. ಅದೇ ಭಾನುವಾರ ತೀರ್ಥಹಳ್ಳಿ ಕಡೆಯಿಂದ ನನ್ನನ್ನು ನೋಡಲು ಬರುತ್ತಾರೆ ಎಂದೂ ಗೊತ್ತಾಯಿತು.

ಅಪ್ಪ ಬಟ್ಟೆ ಅಂಗಡಿಯ ಗದ್ದುಗೆಯಿಂದ ತಲೆ ಎತ್ತದೆ ಹೇಳಿದರು: “ಬೆಲ್ಟ್ ಎಲ್ಲೂ ಓಡಿ ಹೋಗಲ್ಲ ಮಗ. ಹುಡುಗ ಓಡಿ ಹೋಗ್ತಾನೆ.”

ಆ ಭಾನುವಾರ ನಾನು ಉಪ್ಪಿಟ್ಟಿನ ತಟ್ಟೆ ಹಿಡಿದು ಪಾಸಾದೆ. ಹುಡುಗ ಓಡಿ ಹೋಗಲಿಲ್ಲ. ಇವತ್ತಿಗೂ ಬೆಳಿಗ್ಗೆ ನನಗಿಂತ ಮೊದಲು ಎದ್ದು ಹಾಲು ಕಾಯಿಸುತ್ತಾರೆ. ಅದು ಬೇರೆ ಮಾತು. ನನ್ನ ಬ್ರೌನ್ ಬೆಲ್ಟನ್ನು ಅಮ್ಮ ಮದುವೆಯ ಹಾಸಿಗೆ ಸುರುಳಿಗೆ ಕಟ್ಟಿ ಕಳಿಸಿದಳು. ಗಟ್ಟಿ ಬಟ್ಟೆ, ಹಗ್ಗ ಹುಡುಕುವ ಕೆಲಸ ತಪ್ಪಿತು ಎಂದು. ಗಂಡನ ಮನೆಯಲ್ಲಿ ಅತ್ತೆ ಅದನ್ನು ಬಿಚ್ಚಿ ಬಸಳೆ ಚಪ್ಪರಕ್ಕೆ ಬಿಗಿದರು. ಎರಡು ಮಳೆಗಾಲ ತಡೆಯಿತು.

ಆಮೇಲೆ ಇವರಿಗೆ ಹೊಸನಗರದ ಕಾಲೇಜಿನಲ್ಲಿ ಕಾಮರ್ಸ್ ಲೆಕ್ಚರರ್ ಕೆಲಸ ಸಿಕ್ಕಿತು, ಇಲ್ಲಿಗೆ ಬಂದು ನೆಲೆಸಿದೆವು. ನಾನು ಟ್ಯೂಷನ್ ಹೇಳಿದೆ, ಮಕ್ಕಳನ್ನು ಬೆಳೆಸಿದೆ, ಎಲ್ಲರ ಹಾಗೇ. ಕರಾಟೆ ಬಗ್ಗೆ ಯಾರಾದರೂ ಕೇಳಿದರೆ, “ಓ, ದಟ್ ವಾಸ್ ಲಾಂಗ್ ಅಗೋ” ಎನ್ನುತ್ತಿದ್ದೆ. ಇಂಗ್ಲಿಷಿನಲ್ಲಿ ಹೇಳಿದರೆ ಯಾವುದೂ ಅಷ್ಟು ನೋಯುವುದಿಲ್ಲ.

ಸೋಮವಾರ ಬಿಳಿ ಬೆಲ್ಟ್ ಕಟ್ಟಿಕೊಂಡು ಕೊನೆಯ ಸಾಲಿನಲ್ಲಿ ನಿಂತೆ. ಮಾಸ್ತರು ಗೋಡೆಯ ಪಕ್ಕ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಸಿದ್ದರು. “ಸುಸ್ತಾದ್ರೆ ಕೂತ್ಕೊಳ್ಳಿ ಮೇಡಮ್” ಎಂದರು. ನಾನು ಕುಳಿತುಕೊಳ್ಳಲಿಲ್ಲ; ಆದರೆ ಆ ಕುರ್ಚಿಯನ್ನು ಅಲ್ಲಿಂದ ಯಾರೂ ಎತ್ತಲೂ ಇಲ್ಲ. ಪ್ರತಿ ಕ್ಲಾಸಿನಲ್ಲೂ ಅದು ನನಗೆ ಕಾಯುತ್ತಾ ಇರುತ್ತಿತ್ತು.

ಶರೀರದ ವಿಷಯ ಮುಚ್ಚಿಡದೆ ಹೇಳಬೇಕು. ಮುಂಗಾಲಿನಿಂದ ಒದ್ದರೆ ಎದುರಿನವರ ಮಂಡಿಗೆ ಬರುವುದೂ ಕಷ್ಟ. ಮುಷ್ಟಿ ಕಟ್ಟಿದರೆ ಬೆರಳ ಗಂಟುಗಳು ಒಂದೊಂದಾಗಿ ತಕರಾರು ಹೇಳುತ್ತಿದ್ದವು. ಮೊದಲ ಸಲ ಜೋರಾಗಿ ಕೂಗಿದಾಗ ನಾಲ್ಕು ಹನಿ ಮೂತ್ರ ಹೋಯಿತು. ಎರಡು ಹೆರಿಗೆ ಆದವರಿಗೆ ಇದು ಗೊತ್ತಿರುತ್ತದೆ, ಬರೆಯುವವರು ಮಾತ್ರ ಬರೆಯುವುದಿಲ್ಲ. ಆಮೇಲೆ ಪ್ಯಾಡ್ ಇಟ್ಟುಕೊಂಡೇ ಹೋದೆ ಮತ್ತು ಇನ್ನೂ ಜೋರಾಗಿ ಕೂಗಿದೆ. ಆದರೆ ಕಟಾ ಮಾತ್ರ ಹಾಗೇ ಇತ್ತು. ಕಟಾ ಎಂದರೆ ಎದುರಿಗೆ ಇಲ್ಲದ ಶತ್ರುಗಳ ಜೊತೆ ಒಬ್ಬರೇ ಮಾಡುವ ಹೋರಾಟ; ಯಾವ ಹೆಜ್ಜೆ, ಯಾವ ಏಟು, ಎಲ್ಲ ಮೊದಲೇ ಗೊತ್ತುಮಾಡಿದ್ದು. ಅದನ್ನು ನಾನು ಎಲ್ಲೂ ತಡೆಯದೆ ಮಾಡಿದ್ದನ್ನು ಕಂಡು ಮಾಸ್ತರು ಬೆರಗಾದರು. ಬೆರಗಾಗುವುದೇನಿದೆ? ಎದುರಿಗೆ ಇಲ್ಲದವರ ಜೊತೆ ಜಗಳ ಆಡುವುದರಲ್ಲಿ ಸಂಸಾರಸ್ಥ ಹೆಂಗಸರಿಗೆ ಪ್ರಾಕ್ಟೀಸ್ ತಪ್ಪುವುದಿಲ್ಲ.

ನಮ್ಮ ಮನೆಯಲ್ಲಿ ಈಗಲೂ ಸೂರ್ಯ ಮುಳುಗುವ ಮೊದಲೇ ರಾತ್ರಿ ಊಟ. ಕ್ಲಾಸ್ ಇರುವುದು ಸರಿಯಾಗಿ ಆ ಹೊತ್ತಿಗೆ. ತಿಂದು ಹೋದರೆ ಹೊಟ್ಟೆ ಕುಲುಕುತ್ತದೆ, ಬಂದು ತಿನ್ನುವ ಹಾಗಿಲ್ಲ. ಹಾಗಾಗಿ ಕ್ಲಾಸಿನ ದಿನ ನಾನು ಉಪವಾಸ. ಇವರು ಒಬ್ಬರೇ ತಟ್ಟೆ ಹಾಕಿಕೊಂಡು, “ಇವತ್ತು ನಮ್ಮನೆಯವ್ರಿಗೆ ಕರಾಟೆ ವ್ರತ” ಎಂದು ಫೋನಿನಲ್ಲಿ ತಂಗಿಗೆ ಹೇಳುತ್ತಿದ್ದರು. ನಾದಿನಿಯ ನಗು ಸ್ಪೀಕರಿನಲ್ಲಿ ಅಡುಗೆಮನೆವರೆಗೆ ಬರುತ್ತಿತ್ತು. “ಅತ್ಗೆ, ಅಣ್ಣನ್ನ ಜಾಸ್ತಿ ಹೊಡೀಬೇಡಿ, ಒಬ್ರೇ ಇರೋದು” ಎಂದು ಅವಳ ಕೂಗು.

ಕ್ಲಾಸಿನಲ್ಲಿ ಮಕ್ಕಳಿಗೆ ನಾನು ‘ಕರಾಟೆ ಅಜ್ಜಿ’. ಜೋಡಿ ಅಭ್ಯಾಸಕ್ಕೆ ನಿಂತರೆ ನನ್ನ ಎದುರಿನ ಮಗು ಗಾಳಿಗೆ ಗುದ್ದಿ, “ತಾಗಿತಾ ಅಜ್ಜಿ? ಸಾರಿ ಅಜ್ಜಿ” ಎನ್ನುತ್ತಿತ್ತು. ಹಾಗೆ ಮಾಡದವಳು ಒಬ್ಬಳೇ, ಪಿಯುಸಿ ಓದುತ್ತಿದ್ದ ಒಂದು ಹುಡುಗಿ. ಉದ್ದ ಕೈ, ಬಾಯಿಯೂ ಸಣ್ಣದಲ್ಲ.

ಮೊದಲ ದಿನವೇ ಕೇಳಿದಳು: “ಅಜ್ಜಿ, ನಾನ್ ನಿಮಗೆ ಹೊಡಿಬೇಕಾ ಬ್ಯಾಡ್ವಾ? ಮೊದ್ಲೇ ಹೇಳ್ಬಿಡಿ. ಆಮೇಲೆ ಅಳಬಾರ್ದು.”

“ಹೊಡಿ.”

“ನಿಜವಾಗ್ಲೂ?”

“ನೀನು ಹೊಡೀದಿದ್ರೆ ನಾನ್ ಹೊಡೀತೀನಿ.”

“ಅಯ್ಯೋ, ಅದ್ ಬರ್ಲಿ ನೋಡಣ” ಎಂದವಳು ಪಕ್ಕೆಗೆ ಒಂದು ಕೊಟ್ಟಳು. ಉಸಿರು ಹಿಡಿದು ನಿಂತೆ. ಕಣ್ಣಲ್ಲಿ ನೀರು ಬಂದದ್ದು ನಿಜ. ಸಂತೋಷವೂ ಆಗಿತ್ತು ಎಂದರೆ ಯಾರೂ ನಂಬಲಿಕ್ಕಿಲ್ಲ. ಅರವತ್ತು ದಾಟಿದ ಹೆಂಗಸನ್ನು ಜನ ಮುಟ್ಟುವುದು ಎರಡೇ ಕಾರಣಕ್ಕೆ: ಕಾಲು ಮುಟ್ಟಿ ನಮಸ್ಕರಿಸಲು, ಇಲ್ಲ ಕೈ ಹಿಡಿದು ರಸ್ತೆ ದಾಟಿಸಲು. ಈ ಹುಡುಗಿ ನನ್ನನ್ನು ಎದುರಾಳಿ ಎಂದು ಮುಟ್ಟಿದ್ದಳು.

ಹೀಗೆ ಎರಡು ವರ್ಷ ಹೋಯಿತು. ಮದುವೆ ಸೀಸನ್ನಿನಲ್ಲಿ ಹಾಲ್ ಸಿಗದೆ ಕ್ಲಾಸ್ ನಿಲ್ಲುತ್ತಿತ್ತು, ಆಷಾಢದಲ್ಲಿ ಬಿಡುವಿಲ್ಲದೆ ನಡೆಯುತ್ತಿತ್ತು. ಬೆಲ್ಟ್‌ಗಳನ್ನು ಒಂದೊಂದಾಗಿ ಮತ್ತೆ ಸಂಪಾದಿಸಿ ಬ್ರೌನಿಗೆ ಬಂದೆ. ತೀರ್ಥಹಳ್ಳಿಯಲ್ಲಿ ಬ್ಲ್ಯಾಕ್ ಬೆಲ್ಟ್ ಪರೀಕ್ಷೆ ಇದೆ, ಪರೀಕ್ಷಕರು ಹೊರಗಿನಿಂದ ಬರುತ್ತಾರೆ ಎಂದು ಮಾಸ್ತರು ಹೇಳಿದ ದಿನ ನಾನೂ ಹೆಸರು ಕೊಟ್ಟೆ.

ಬೆಲ್ಟ್ ಸಿಗುತ್ತದೆ ಎಂಬ ಭ್ರಮೆ ನನಗಿರಲಿಲ್ಲ. ಕಟಾದಲ್ಲಿ ದಾಟಿಕೊಳ್ಳಬಹುದು, ಎದುರುಬದುರು ನಿಂತು ಹೊಡೆದಾಡುವ ಸುತ್ತಿನಲ್ಲಿ ಬಹುಶಃ ಬೀಳುತ್ತೇನೆ ಎಂದು ಗೊತ್ತಿತ್ತು. ನನಗೆ ಬೇಕಿದ್ದದ್ದು ಇಷ್ಟೇ: ನನ್ನ ಪರಿಚಯ ಇಲ್ಲದ ಒಬ್ಬ ಮನುಷ್ಯ, ನಾನು ಯಾರ ಮಗಳು, ಯಾರ ಹೆಂಡತಿ, ವಯಸ್ಸೆಷ್ಟು ಎಂದು ಲೆಕ್ಕಿಸದೆ ನನ್ನ ಕೈಕಾಲು ನೋಡಿ ಪಾಸ್ ಅಥವಾ ಫೇಲ್ ಅನ್ನಬೇಕು. ಅಂದು ತಪ್ಪಿದ್ದು ಬೆಲ್ಟ್ ಅಲ್ಲ, ಈ ತೀರ್ಪು. ಬಂದಿದ್ದರೆ ಯಾವ ಉತ್ತರ ಬರುತ್ತಿತ್ತೋ ಎಂದು ಇಷ್ಟು ವರ್ಷ ಕಾಡಿದ್ದು ಸಾಕಾಗಿತ್ತು.

ಪರೀಕ್ಷೆಗೆ ಮೊದಲಿನ ತಿಂಗಳು ಆ ಹುಡುಗಿಯೂ ನಾನೂ ಬಿಡದೆ ಅಭ್ಯಾಸ ಮಾಡಿದೆವು. ಮುಂಗೈ ತುಂಬ ನೀಲಿ ಕಲೆ. ಒಂದು ದಿನ ಬಳೆ ಹಿಂದೆ ಸರಿಸಿ ಇವರಿಗೆ ತೋರಿಸಿದೆ. ಹೆಮ್ಮೆಯಿಂದಲೇ ತೋರಿಸಿದ್ದು, ಮಕ್ಕಳು ಪ್ರೋಗ್ರೆಸ್ ಕಾರ್ಡ್ ತೋರಿಸುವ ಹಾಗೆ.

ಇವರು ಕನ್ನಡಕ ತೆಗೆದು ಹತ್ತಿರ ನೋಡಿದರು. ತಮಾಷೆ ಮಾಡಲಿಲ್ಲ. “ಇದು ಮೂಳೆಗೆ ಹತ್ತಿದ್ರೆ ಎಂತ ಕತೆ?” ಎಂದರು.

“ಹತ್ತಲ್ಲ.”

“ಹತ್ತಲ್ಲ ಅಂತ ನೀನ್ ಹೇಳಿದ್ರೆ ಆಯ್ತಾ?” ಎಂದು ಎದ್ದು ಹೋದರು. ಒಳಗಿನಿಂದ ನೋವಿನ ಎಣ್ಣೆ ತಂದು ತಾವೇ ಹಚ್ಚಿದರು. ಆ ವಾರ ಹಲ್ಲು ತೋರಿಸಿ ಬರುತ್ತೇನೆ ಎಂದು ಸಾಗರಕ್ಕೆ ಹೋಗಿ ಬಂದರು. ಹಲ್ಲು ಹೇಗಿದೆ ಎಂದರೆ, ಗಟ್ಟಿ ಇದೆಯಂತೆ ಎಂದರು.

ಪರೀಕ್ಷೆಯ ದಿನ ಕಾರಿನಲ್ಲಿ ಹೊರಟೆವು. ಹುಂಚದಲ್ಲಿ ಇಳಿದು ಅಮ್ಮನವರ ಸನ್ನಿಧಿಗೆ ಹೋದೆವು. ಮನಸ್ಸಿನಲ್ಲಿ ನೆನೆದುಕೊಂಡು ನಿಂತರೆ ಬಲಗಡೆಯಿಂದ ಹೂ ಬೀಳುವುದು ಶುಭ ಎಂದು ನಮ್ಮವರ ನಂಬಿಕೆ. ಅವತ್ತು ಬಲಗಡೆಯ ಸೇವಂತಿಗೆ ಜಾರಿ ಬಿತ್ತು. “ನೋಡು, ಅಪ್ಪಣೆ ಆಯ್ತು. ನೀನು ಪಾಸು” ಎಂದು ಇವರು ಹಿಗ್ಗಿದರು. ನಾನು ಕೇಳಿಕೊಂಡದ್ದು ಪಾಸಾಗಲಿ ಎಂದಲ್ಲ, ನ್ಯಾಯವಾಗಿ ನಡೆಯಲಿ ಎಂದು. ಹೂ ಯಾರ ಕೋರಿಕೆಗೆ ಬಿತ್ತೋ.

ತೀರ್ಥಹಳ್ಳಿಯ ಹಾಲ್ ದೊಡ್ಡದು. ಸ್ಟೇಜಿನ ಮೇಲೆ ಟೇಬಲ್, ಟೇಬಲ್ ಹಿಂದೆ ಪರೀಕ್ಷಕರು. ಸುಮಾರು ನನ್ನದೇ ವಯಸ್ಸಿನ ಮನುಷ್ಯ, ನೆಟ್ಟಗೆ ಕೂತಿದ್ದರು. ನನಗೆ ಸಮಾಧಾನ ಆಯಿತು. ಈ ಪರೀಕ್ಷಕರು ಕನಿಕರ ತೋರಿಸುವ ಜಾತಿಯವರಲ್ಲ ಎನ್ನಿಸಿತು. ನನ್ನ ಎದುರಿಗೇ ಒಬ್ಬ ಹುಡುಗನ ಕಟಾ ನಿಲ್ಲಿಸಿ, “ಡ್ಯಾನ್ಸ್ ಮಾಡ್ತಿದ್ದೀಯಾ? ಮನೆಗೆ ಹೋಗು” ಎಂದರು. ನನ್ನ ಹುಡುಗಿ ಇಬ್ಬರ ಜೊತೆ ಹೊಡೆದಾಡಿದಳು. ತುಟಿ ಒಡೆದು ರಕ್ತ ಒರೆಸಿಕೊಂಡು ಮತ್ತೆ ನಿಂತಳು. ನೋಡುತ್ತಿದ್ದರೆ ಹಳೆಯ ಅಸೆಂಬ್ಲಿ ಹಾಲಿನ ಭಯ ಮತ್ತೆ ಎದ್ದು ಕೂತಿತು. ಒಳ್ಳೆಯ ಭಯ ಅದು.

ನನ್ನ ಕಟಾ ಆಯಿತು. ಒಂದು ಕಡೆ ತಿರುಗುವಾಗ ಬಲಪಾದ ಜಾರಿತು, ಸಾವರಿಸಿಕೊಂಡೆ. ಪರೀಕ್ಷಕರ ಪೆನ್ನು ಟೇಬಲ್ಲಿನ ಮೇಲೆ ಮಲಗಿಯೇ ಇತ್ತು. ಆಗಲೇ ನನಗೆ ತಿಳಿಯಬೇಕಿತ್ತು.

ಹೊಡೆದಾಟಕ್ಕೆ ನನ್ನ ಎದುರು ನಿಂತವಳು ಅದೇ ಹುಡುಗಿ. ತಲೆ ಬಾಗಿಸಿ ನಮಸ್ಕರಿಸುವಾಗ ನನ್ನ ಕಣ್ಣು ನೋಡಲಿಲ್ಲ. ನಾನು ಮುಂದೆ ಹೋದೆ. ಎರಡು ವರ್ಷದಲ್ಲಿ ಒಮ್ಮೆಯೂ ಕೆಳಗೆ ಬಿಡದ ಎಡಗೈಯನ್ನು ಅವಳು ಇಳಿಸಿ, ಪಕ್ಕೆ ತೆರೆದುಕೊಟ್ಟು ನಿಂತಿದ್ದಳು. ನಾನು ಗುದ್ದಿದೆ. ನನ್ನ ಮುಷ್ಟಿಗೂ ಅವಳ ಡ್ರೆಸ್ಸಿಗೂ ನಡುವೆ ಬೆರಳಗಲ ಜಾಗ ಇನ್ನೂ ಇರುವಾಗಲೇ “ಅಮ್ಮಾ” ಎಂದು ಪಕ್ಕೆ ಹಿಡಿದು ಬಿದ್ದಳು. ಬೀಳುವಾಗ ಅಂಗೈಯಿಂದ ನೆಲ ಬಡಿದಳು. ಪೆಟ್ಟಾಗದಂತೆ ಬೀಳಲು ಮಾಸ್ತರು ಹೇಳಿಕೊಟ್ಟ ಕ್ರಮ ಅದು; ನಿಜವಾಗಿ ಬಿದ್ದವರಿಗೆ ಅಷ್ಟು ನೆನಪಿರುವುದಿಲ್ಲ.

ಹಾಲ್ ತುಂಬ ಚಪ್ಪಾಳೆ. ಮೊಬೈಲ್‌ಗಳು ಮೇಲೆದ್ದವು. ನಾನು, “ಎದ್ದೇಳು, ಏನೂ ತಾಗಿಲ್ಲ, ಏಳು” ಎನ್ನುತ್ತಿದ್ದೆ. ಯಾರಿಗೂ ಕೇಳಿಸಲಿಲ್ಲ. ಮೈಕಿನಲ್ಲಿ ಯಾರೋ “ಇಳಿವಯಸ್ಸಿನ ಈ ಚೇತನಕ್ಕೆ, ನಮ್ಮೆಲ್ಲರ ತಾಯಿಗೆ” ಎಂದು ಶುರು ಮಾಡಿದರು. ಸ್ಟೇಜಿನ ಮೇಲೆ ಕುರ್ಚಿ ಬಂತು. ನನ್ನನ್ನು ಕೂರಿಸಿದರು. ಕರಾಟೆ ಡ್ರೆಸ್ಸಿನ ಮೇಲೆ ಜರಿ ಶಾಲು, ತಲೆಗೆ ಮೈಸೂರು ಪೇಟ, ತೊಡೆಯ ಮೇಲೆ ಸೆಲ್ಲೋಫೇನ್ ಸುತ್ತಿದ ಹಣ್ಣಿನ ಬುಟ್ಟಿ. ನನ್ನವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಸ್ಟೇಜಿನ ಪಕ್ಕದಿಂದ ಬಂದು ನನ್ನ ಕೊರಳಿಗೆ ಹಾರ ಹಾಕಿದರು.

ಆ ಹಾರದ ವಾಸನೆ ಮೂಗಿಗೆ ಬಂದದ್ದೇ ಎಲ್ಲವೂ ಗೊತ್ತಾಯಿತು. ಗಂಧದ ಹಾರ. ತೆಳ್ಳಗೆ ಸೀಳಿದ ಗಂಧದ ಎಳೆ, ನಡುವೆ ಕೆಂಪು ಕುಚ್ಚು, ಕೆಳಗೆ ದೊಡ್ಡ ಪದಕ. ಅದನ್ನು ಮಾಡುವವರು ಸಾಗರದ ಗುಡಿಗಾರರು. ನಮ್ಮಪ್ಪನ ಅಂಗಡಿಯ ಸಾಲಿನಲ್ಲೇ ಕೂತು ಮಾಡುತ್ತಿದ್ದರು, ನಾನು ನೋಡುತ್ತಾ ಬೆಳೆದವಳು. ಇಷ್ಟು ಉದ್ದದ, ಇಷ್ಟು ಕುಸುರಿಯ ಹಾರ ಅಂಗಡಿಯಲ್ಲಿ ರೆಡಿ ಸಿಗುವುದಿಲ್ಲ. ಮೊದಲೇ ಹೋಗಿ ಹೇಳಿ ಮಾಡಿಸಬೇಕು. ಪರೀಕ್ಷೆ ಬರೆಯುವ ಮೊದಲೇ ರಿಸಲ್ಟ್ ಬಂದಿತ್ತು. ಇವರು ಹಲ್ಲು ತೋರಿಸಲು ಹೋದ ದಿನವೇ.

ಪರೀಕ್ಷಕರು ಬ್ಲ್ಯಾಕ್ ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟು, ಬಗ್ಗಿ ನನ್ನ ಕಾಲು ಮುಟ್ಟಲು ಬಂದರು. ನನ್ನ ವಯಸ್ಸಿನ ಮನುಷ್ಯ! ನಾನು ಕಾಲು ಹಿಂದೆಳೆದುಕೊಂಡೆ. ವಿನಯ ಎಂದು ಅದಕ್ಕೂ ಚಪ್ಪಾಳೆ ಹೊಡೆದರು. ಕೆಳಗೆ ನಿಂತು ಹುಡುಗಿಯೂ ಚಪ್ಪಾಳೆ ಹೊಡೆಯುತ್ತಿದ್ದಳು, ಪಕ್ಕೆ ಹಿಡಿದುಕೊಳ್ಳುವುದನ್ನು ಮರೆತು.

ವಾಪಸ್ ಬರುವಾಗ ಬುಟ್ಟಿ ಹಿಂದಿನ ಸೀಟಿನಲ್ಲಿ ಚರಪರ ಎನ್ನುತ್ತಿತ್ತು. ಹುಂಚ ದಾಟಿದ ಮೇಲೆ ಕೇಳಿದೆ: “ಹಾರಕ್ಕೆ ಯಾವಾಗ ಹೇಳಿದ್ರಿ?”

ಇವರು ಸ್ಟೀರಿಂಗ್ ಮೇಲೆ ಕಣ್ಣಿಟ್ಟು, “ಚೆನ್ನಾಗಿಲ್ವಾ?” ಎಂದರು.

“ಚೆನ್ನಾಗಿದೆ. ಮಾಸ್ತರಿಗೆ ಏನ್ ಹೇಳಿದ್ರಿ?”

“ಎಂತ ಹೇಳ್ಲಿ? ಈ ವಯಸ್ಸಲ್ಲಿ ಸೊಂಟ ಮುರಕಂಡ್ರೆ ಎದ್ದವ್ರು ಎಷ್ಟು ಜನ ಇದಾರೆ ಹೇಳು. ನಮ್ಮಕ್ಕ ಬಚ್ಚಲಲ್ಲಿ ಬಿದ್ದವ್ಳು ಮತ್ತೆ ಎದ್ಲಾ? ನಾನ್ ಕೇಳ್ಕಂಡೆ ಅಷ್ಟೆ. ಪೆಟ್ಟಾಗೋದು ಬ್ಯಾಡ, ಮರ್ಯಾದಿ ಆಗ್ಲಿ ಅಂದೆ.”

“ಫೇಲ್ ಮಾಡ್ಲಿಕ್ಕೆ ಬಿಡಬಹುದಿತ್ತಲ್ಲ.”

“ನೀನ್ ತಡ್ಕಳ್ತಿರ್ಲಿಲ್ಲ.”

“ನಾನು ಫೇಲಾಗಲಿಕ್ಕೇ ಹೋಗಿದ್ದು ಮಾರಾಯ್ರೆ!” ಎಂದು ಕಿರುಚಿದೆ. ಕಾರಿನ ಒಳಗೆ ಆ ಸ್ವರ ಯಾವ ಪರೀಕ್ಷೆಯ ಕೂಗಿಗಿಂತಲೂ ಚೆನ್ನಾಗಿತ್ತು. ಇವರು ಗಾಡಿ ಪಕ್ಕಕ್ಕೆ ಹಾಕಿದರು. “ಎಷ್ಟು ಜನ ಹೊಗಳಿದ್ರು. ಖುಷಿಯಾಗತ್ತೆ ಅಂತ ಮಾಡಿದ್ದು ಮಾರಾಯ್ತಿ” ಎಂದರು. ಅದು ಸುಳ್ಳಲ್ಲ. ಅದೇ ಕಷ್ಟ. ನಮ್ಮಪ್ಪನೂ ನನ್ನ ಖುಷಿಗೇ ಮಾಡಿದ್ದು. ಕೇಡು ಬಯಸುವವರಿಗೆ ಎದುರು ನಿಲ್ಲುವುದನ್ನು ಶನಿವಾರ ಶನಿವಾರ ಹೇಳಿಕೊಟ್ಟಿದ್ದರು. ಒಳ್ಳೆಯದು ಬಯಸುವವರ ಏಟು ತಡೆಯುವುದನ್ನು ಯಾವ ಮಾಸ್ತರೂ ಹೇಳಿಕೊಡಲಿಲ್ಲ.

ಮುಂದಿನ ಕ್ಲಾಸಿಗೆ ಬೆಲ್ಟ್ ಹಿಡಿದುಕೊಂಡು ಹೋದೆ. ಇದನ್ನು ತಗೊಳ್ಳಿ, ಮುಂದಿನ ವರ್ಷ ನನ್ನನ್ನು ಇನ್ನೊಮ್ಮೆ ಸರಿಯಾಗಿ ಪರೀಕ್ಷೆಗೆ ಕೂರಿಸಿ ಎಂದೆ. ಮಾಸ್ತರು ಗಾಬರಿಯಾದರು.

“ಹಂಗೆಲ್ಲ ಬರಲ್ಲ ಮೇಡಮ್. ಒಂದ್ಸಲ ಬ್ಲ್ಯಾಕ್ ಬೆಲ್ಟ್ ಆದವ್ರಿಗೆ ಮತ್ತೆ ಅದೇ ಪರೀಕ್ಷೆ ಇಲ್ಲ. ಸರ್ಟಿಫಿಕೇಟ್ ಎಲ್ಲ ಆಗಿ ಹೋಯ್ತಲ್ಲ.”

“ಅದು ಪರೀಕ್ಷೆ ಆಗಿತ್ತಾ?”

ಅವರು ಕೆಳಗೆ ನೋಡಿದರು. “ಸರ್ ಅಷ್ಟು ಕೇಳ್ಕೊಂಡ್ರು ಮೇಡಮ್. ನನಗೂ ಪಿಯುಸೀಲಿ ಪಾಠ ಮಾಡಿದವ್ರು. ಇಲ್ಲ ಅನ್ನಕ್ಕಾಗತ್ತಾ?”

ಅಷ್ಟರಲ್ಲಿ ಮಕ್ಕಳು ಸಾಲಾಗಿ ನಿಂತಿದ್ದರು. ಬ್ಲ್ಯಾಕ್ ಬೆಲ್ಟ್ ಆದವರಿಗೆ ಕ್ಲಾಸ್ ಶುರುವಾಗುವಾಗ ನಮಸ್ಕಾರ ಸಲ್ಲಬೇಕು. ಪ್ಲಾಸ್ಟಿಕ್ ಕುರ್ಚಿಯನ್ನು ಮುಂದೆ ತಂದು ಇಟ್ಟಿದ್ದರು.

ನಾನು ಕೂರದೆ ಹೊರಗೆ ಬಂದೆ. ಹುಡುಗಿ ಚಪ್ಪಲಿ ಬಿಡುತ್ತಿದ್ದಳು. ಅವಳಿಗೂ ಬೆಲ್ಟ್ ಸಿಕ್ಕಿತ್ತು. ತುಟಿಯ ಗಾಯ ಒಣಗಿತ್ತು.

“ನಿನಗೂ ಹೇಳಿದ್ರಾ ಮಾಸ್ತರು?” ಎಂದೆ.

“ಸರ್ ಹೇಳಿದ್ರು. ನಾನ್ ಆಗಲ್ಲ ಅಂದೆ ಅಜ್ಜಿ, ದೇವ್ರಾಣೆ. ಆಮೇಲೆ ಅಜ್ಜ ಬಂದ್ರು ಕಾಲೇಜ್ ಹತ್ರ.”

“ಯಾವ ಅಜ್ಜ?”

“ನಿಮ್ಮಜ್ಜ. ಗೇಟ್ ಹತ್ರ ಕಾಯ್ತಾ ಇದ್ರು. ನನ್ ಕೈ ಹಿಡ್ಕಂಡ್ರು. ಕಣ್ಣಲ್ಲಿ ನೀರ್ ಇತ್ತು. ಎಲ್ಲಾರೂ ನೋಡ್ತಾ ಇದ್ರು, ನಂಗೆ ಯಾವ ಕಡೆ ನೋಡದು ಅಂತ ಗೊತ್ತಾಗ್ಲಿಲ್ಲ.”

“ಸರಿ. ಈಗ ಇಲ್ಲಿ ಯಾರೂ ಇಲ್ಲ. ಕೈ ಎತ್ತು. ಅವತ್ತು ಹೊಡೀಬೇಕಿದ್ದದ್ದನ್ನ ಈಗ ಹೊಡಿ.”

ಅವಳು ನನ್ನನ್ನು ನೋಡಿದಳು. ಬಾಯಿ ಜೋರಿನ ಹುಡುಗಿಯ ಮುಖದಲ್ಲಿ ನಾನು ಅದುವರೆಗೆ ಕಾಣದಿದ್ದ ಮರ್ಯಾದೆ ಬಂದಿತ್ತು. “ಇನ್ ಆಗಲ್ಲ ಅಜ್ಜಿ” ಎಂದಳು. “ಆ ಅಜ್ಜನ್ ಮುಖ ನೆನಪಾಗತ್ತೆ.” ಒಳಗೆ ಹೋದಳು.

ಅವಳನ್ನು ನಾನು ಬೈಯಲಾರೆ. ಆದರೆ ಈ ಊರಿನಲ್ಲಿ ನನ್ನನ್ನು ಹೊಡೆಯಬಲ್ಲವಳು ಅವಳೊಬ್ಬಳೇ ಇದ್ದಳು. ಅವಳನ್ನೂ ನನ್ನಿಂದ ಕಿತ್ತುಕೊಂಡರು, ಅದೂ ಕೈ ಹಿಡಿದು ಬೇಡಿಕೊಂಡು. ನಾನು ಆಮೇಲೆ ಕ್ಲಾಸಿಗೆ ಹೋಗಲಿಲ್ಲ.

ಇವರು ಸನ್ಮಾನದ ಫೋಟೋ ದೊಡ್ಡದು ಮಾಡಿಸಿ, ಫ್ರೇಮ್ ಹಾಕಿಸಿ, ಮನೆಯ ಹಾಲ್‌ನ ಗೋಡೆಗೆ ಹೊಡೆದರು. ಗಂಧದ ಹಾರ ಹಾಳಾಗಬಾರದೆಂದು ಅದನ್ನೂ ಫೋಟೋಗೇ ಹಾಕಿದರು. ಗ್ಯಾಸ್ ಸಿಲಿಂಡರ್ ತಂದ ಹೊಸಬ ಗೋಡೆ ನೋಡಿ ದನಿ ತಗ್ಗಿಸಿ, “ಅಮ್ಮೋರು ಹೋಗಿ ಎಷ್ಟು ದಿನ ಆಯ್ತು ಸರ್?” ಎಂದು ಕೇಳಿದನಂತೆ. ಇವರು ಬಿದ್ದು ಬಿದ್ದು ನಕ್ಕು ನನಗೆ ಹೇಳಿದರು. ನಾನು ಅಡುಗೆಮನೆಯಿಂದ, “ನಿಜ ಹೇಳ್ಬಹುದಿತ್ತಲ್ಲ” ಎಂದೆ. ನಗು ನಿಂತಿತು.

ಮರುದಿನ ಬೆಳಿಗ್ಗೆ ನಾನು ಹಾಲ್‌ನಲ್ಲಿ ಟೀಪಾಯಿ ಪಕ್ಕಕ್ಕೆ ಸರಿಸಿ, ಸೀರೆ ಎತ್ತಿ ಕಟ್ಟಿ ನಿಂತಿದ್ದೆ. ಇವರು ಹಾಲು ಒಲೆಗೆ ಇಟ್ಟು ಬಾಗಿಲಲ್ಲಿ ಬಂದು ನಿಂತರು.

“ಬನ್ನಿ, ಎದುರಿಗೆ ನಿಲ್ಲಿ” ಎಂದೆ.

“ನಾನಾ?”

“ನೀವೇ. ಹೊಡೆಯೋರನ್ನೆಲ್ಲ ನೀವೇ ಬಿಡಿಸಿದ್ರಲ್ಲ. ಇನ್ ಯಾರನ್ನ ಕರೀಲಿ?”

ಬಂದು ನಿಂತರು. ಅಂಗಿಯ ತೋಳು ಮಡಿಸಿದರು, ಯಾಕೆ ಎಂದು ಅವರಿಗೂ ಗೊತ್ತಿರಲಿಲ್ಲ. ತಳ್ಳಿ ಎಂದೆ. ಮಲಗಿದ ಮಗುವಿನ ಕೋಣೆಯ ಬಾಗಿಲು ಮುಚ್ಚುವ ಹಾಗೆ ಎರಡು ಅಂಗೈ ನನ್ನ ಭುಜದ ಮೇಲೆ ಇಟ್ಟರು.

“ಜೋರಾಗಿ.”

ಇನ್ನೊಮ್ಮೆ ಇಟ್ಟರು. ಈ ಸಲ ಒಂದು ಕೈ ನನ್ನ ಬೆನ್ನ ಹಿಂದೆ ಹೋಗಿತ್ತು, ಬಿದ್ದರೆ ಹಿಡಿದುಕೊಳ್ಳಲು.

“ಆ ಕೈ ತೆಗೀರಿ” ಎಂದೆ.

“ಆಗಲ್ಲ ಕಣೆ ನನ್ ಕೈಲಿ” ಎಂದು ಕೈ ಇಳಿಸಿ ಅಡುಗೆಮನೆಗೆ ಹೋದರು. ಹಾಲು ಉಕ್ಕುವ ಮೊದಲು ಒಲೆ ಆರಿಸಿದ ಸದ್ದು ಕೇಳಿಸಿತು. ನಾನು ಕೈ ಇಳಿಸಲಿಲ್ಲ. ಎಡಗಾಲು ಮುಂದೆ, ಬಲಗಾಲು ಹಿಂದೆ, ತೊಡೆ ನಡುಗಲು ಶುರುವಾಗುವವರೆಗೆ ಹಾಗೇ ನಿಂತಿದ್ದೆ.